ಸೊಂಟಕ್ಕೆ ಚುಚ್ಚಿದ್ದು ಮೂಗಿಗೆ ಬಂತು

ನಮ್ಮ ದೊಡ್ಡಪ್ಪ ಆಸ್ಪತ್ರೆಯಲ್ಲಿ ಒಂದು ರಾತ್ರಿ ಮೂಗು ಕೆರೆದುಕೊಂಡ ಸುದ್ದಿಯನ್ನು ಎಮ್ಮಿಗನೂರಿನ ನಮ್ಮ ಓಣಿಯವರು ಇವತ್ತಿಗೂ ನಗುತ್ತ ಹೇಳುತ್ತಾರೆ. ಭತ್ತದ ಕೊಯ್ಲು ಮುಗಿದು, ಚಳಿಗೆ ನಾಲ್ಕು ಮಂದಿ ಹುಲ್ಲು ಹೊತ್ತಿಸಿಕೊಂಡು ಕೂತರೆ ಸಾಕು, ಯಾರಾದರೊಬ್ಬರು ಶುರು ಮಾಡುತ್ತಾರೆ: "ಅಲ್ರೀ ಮಾಸ್ತರೆ, ಸೊಂಟಕ್ಕೆ ಸೂಜಿ ಹಾಕಿದ್ರೆ ಮೂಗು ಯಾಕ್ರೀ ಕೆರೀತೈತೆ?" ವಿಜ್ಞಾನದ ಮಾಸ್ತರ ಎಂದು ನನ್ನನ್ನೇ ಕೆಣಕುವುದು. ಅವರಿಗೆ ಗೊತ್ತಿರುವುದು ಅರ್ಧ ಕಥೆ. ಇನ್ನರ್ಧ ಹೇಳುತ್ತೇನೆ, ಬೆಂಕಿ ಆರದ ಹಾಗೆ ನೋಡಿಕೊಳ್ಳಿ.

ಅದು 2024ರ ಆಗಸ್ಟ್. ಆ ತಿಂಗಳು 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಕ್ರಸ್ಟ್ ಗೇಟಿನ ಚೈನು ಕಡಿದು, ಗೇಟು ಕೊಚ್ಚಿಕೊಂಡು ಹೋದದ್ದು ನಿಮಗೆ ನೆನಪಿರಬೇಕು. ತುಂಬಿದ ಡ್ಯಾಮು ಕಣ್ಣೆದುರಿಗೇ ಖಾಲಿಯಾಗುತ್ತಿತ್ತು. ಇಲ್ಲಿ ನಾಟಿ ಹಾಕಿದ ಸಸಿ ಇನ್ನೂ ಬೇರು ಬಿಟ್ಟಿರಲಿಲ್ಲ. ಕಂಪ್ಲಿಯಿಂದ ಸಿರುಗುಪ್ಪದ ತನಕ ಎಲ್ಲರ ಬಾಯಲ್ಲೂ ಒಂದೇ ಮಾತು, ಬೆಳೆಗೆ ನೀರು ಸಿಗುತ್ತದೋ ಇಲ್ಲವೋ. ದೊಡ್ಡಪ್ಪನಿಗಂತೂ ನಿದ್ದೆ ಹಾರಿಹೋಗಿತ್ತು. ಹರೆಯದಲ್ಲಿ ನೀರುಗಂಟಿಯಾಗಿ ಕಾಲುವೆ ಕಾದ ಮನುಷ್ಯ. ಎಪ್ಪತ್ತು ದಾಟಿದರೂ ನಸುಕಿನಲ್ಲೆದ್ದು ಕಾಲುವೆಯ ಮಟ್ಟ ನೋಡದಿದ್ದರೆ ಚಹಾ ಇಳಿಯುತ್ತಿರಲಿಲ್ಲ. ಹಾಗೆ ನೋಡಲು ಹೋದವನು ಹಸಿ ಬದುವಿನ ಮೇಲೆ ಜಾರಿ ಬಿದ್ದ. ಎಬ್ಬಿಸಲು ಹೋದರೆ ಬಲಗಾಲು ಮುಟ್ಟಗೊಡಲಿಲ್ಲ. ಪಾದ ಹೊರಕ್ಕೆ ಹೊರಳಿ ಬಿದ್ದಿತ್ತು. ಕುರುಗೋಡು ದಾಟಿ ಬಳ್ಳಾರಿ ಮುಟ್ಟುವ ಹೊತ್ತಿಗೆ ಕಾರಿನ ಒಂದೊಂದು ಕುಲುಕಾಟಕ್ಕೂ ಕೂಗಿ ಕೂಗಿ ದನಿ ಬಿದ್ದುಹೋಗಿತ್ತು. ಎಕ್ಸ್‌ರೇಯಲ್ಲಿ ತೊಡೆಮೂಳೆ ಸೊಂಟದ ಕೀಲಿನ ಹತ್ತಿರ ಮುರಿದದ್ದು ಕಂಡಿತು. ಮರುದಿನ ಮಧ್ಯಾಹ್ನವೇ ಆಪರೇಷನ್ ಎಂದರು.

ಆಪರೇಷನ್ನಿಗೆ ಮುಂಚೆ ಅರಿವಳಿಕೆ ಡಾಕ್ಟರು ಬಂದರು. ಸಿರುಗುಪ್ಪ ಕಡೆಯ ರೈತರ ಮಗ, ಮಾತು ನಮ್ಮದೇ. ಬೀಪಿ, ಶುಗರು, ಕಿಡ್ನಿ ರಿಪೋರ್ಟು ನೋಡಿದರು. ದಿನಾ ಯಾವ ಯಾವ ಗುಳಿಗೆ ನುಂಗುತ್ತಾರೆ ಎಂದು ಕೇಳಿದರು. ದೊಡ್ಡಪ್ಪನ ಮಗ ಬೀಪಿ ಗುಳಿಗೆಯ ಹೆಸರು ಹೇಳಿ ಸುಮ್ಮನಾದ. ಇನ್ನೊಂದು ಗುಳಿಗೆ ಇತ್ತು. ಆ ಮಾತು ಆಮೇಲೆ ಬರುತ್ತದೆ.

ದೊಡ್ಡವ್ವನ ತಕರಾರು ಬೇರೆಯೇ. "ಬೆನ್ನಿಗೆ ಸೂಜಿ ಬ್ಯಾಡ್ರಿ ಸಾಹೇಬ್ರೆ. ಬೆನ್ನಿಗೆ ಸೂಜಿ ಹಾಕಿಸ್ಕೊಂಡೋರು ಜೀವ ಇರೋತನ ಸೊಂಟ ಹಿಡ್ಕೊಂಡೇ ಓಡಾಡ್ತಾರೆ." ನಮ್ಮ ಕಡೆ ಸಿಸೇರಿಯನ್ ಆದ ಹೆಣ್ಣುಮಕ್ಕಳ ಸೊಂಟನೋವನ್ನೆಲ್ಲ ಆ ಸೂಜಿಯ ತಲೆಗೇ ಕಟ್ಟುವುದು ರೂಢಿ. ಡಾಕ್ಟರು ಸಿಟ್ಟಾಗಲಿಲ್ಲ. ಸೂಜಿ ಬಹಳ ತೆಳು, ಚುಚ್ಚಿದ ಕಡೆ ನಾಲ್ಕು ದಿನ ನೋವಿರಬಹುದು, ಕೆಲವರಿಗೆ ತಲೆನೋವು ಬರಬಹುದು, ಜೀವಮಾನದ ಸೊಂಟನೋವು ಇದರಿಂದ ಬರುವುದಿಲ್ಲ ಎಂದರು. ಬೆನ್ನುಹುರಿ ಸೊಂಟದ ಮೊದಲ ಇಲ್ಲವೇ ಎರಡನೇ ಮಣಿಯ ಹತ್ತಿರ ಮುಗಿದೇ ಹೋಗುತ್ತದೆ, ಸೂಜಿ ಹಾಕುವುದು ಅದಕ್ಕಿಂತ ಕೆಳಗೆ. ಅಲ್ಲಿರುವುದು ತಿಳಿನೀರು ಮತ್ತು ಆ ನೀರಿನಲ್ಲಿ ತೇಲುವ ನರದ ಎಳೆಗಳು ಮಾತ್ರ.

ಆ ನೀರಿಗೆ ಎರಡು ಔಷಧಿ ಹಾಕುತ್ತೇನೆ ಎಂದರು. ಒಂದು ಕಾಲು ಜೋಮು ಹಿಡಿಸುವುದು, ಬುಪಿವಕೇನ್. ಸಕ್ಕರೆಯಂಶ ಬೆರೆಸಿರುವುದರಿಂದ ಬೆನ್ನಿನ ನೀರಿಗಿಂತ ಭಾರ, ಮಲಗಿಸಿದ ಕಡೆಗೆ ಇಳಿದು ನಿಲ್ಲುತ್ತದೆ. ಥಿಯೇಟರಿನವರು ಅದನ್ನು 'ಹೆವಿ' ಎಂದೇ ಕರೆಯುವುದು. ಎರಡು ಮೂರು ತಾಸಿಗೆ ಅದರ ಆಟ ಮುಗಿಯುತ್ತದೆ. ಇನ್ನೊಂದು ಮಾರ್ಫಿನ್, ಬರೀ 100 ಮೈಕ್ರೋಗ್ರಾಂ. ಅಂದರೆ ಒಂದು ಗ್ರಾಮಿನ ಹತ್ತು ಸಾವಿರದಲ್ಲಿ ಒಂದು ಪಾಲು. ನಾಳೆ ಮಧ್ಯಾಹ್ನದ ತನಕ ನೋವು ತಡೆಯುವುದು ಅದೇ ಎಂದರು.

ಮಾರ್ಫಿನ್ ಅಂದರೆ ಅಫೀಮಿನಿಂದ ತೆಗೆದದ್ದು ಎಂದು ನಾನು ಬಾಯಿಬಿಟ್ಟೆ. ಹೇಳಬಾರದಿತ್ತೋ ಏನೋ, ದೊಡ್ಡವ್ವ ಎದ್ದೇ ನಿಂತಳು. "ಅಫೀಮು ಹಾಕ್ತೀರಾ? ನಮ್ಮ ಮನೆತನದಾಗೆ ಬೀಡಿ ಸೈತ ಸೇದೋರಿಲ್ಲ!" ಸರ್ಕಾರ ಲೈಸೆನ್ಸ್ ಕೊಟ್ಟು ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದ ಕೆಲವೇ ಕಡೆ ಗಸಗಸೆ ಬೆಳೆಸಿ, ನೀಮಚ್ ಮತ್ತು ಘಾಜಿಪುರದ ಸರ್ಕಾರಿ ಕಾರ್ಖಾನೆಗಳಿಗೆ ಒಯ್ಯುವ ಅಫೀಮು ಇದು, 1985ರ ಮಾದಕವಸ್ತು ಕಾಯ್ದೆಯ ಹೆದರಿಕೆಗೆ ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟಿದ್ದವು, 2014ರಲ್ಲಿ ಕಾಯ್ದೆ ತಿದ್ದುಪಡಿಯಾದ ಮೇಲೆ ದಾರಿ ಸ್ವಲ್ಪ ಸಲೀಸಾಯಿತು. ಇಷ್ಟೆಲ್ಲ ದೊಡ್ಡವ್ವನಿಗೆ ಹೇಳಿ ಉಪಯೋಗವಿರಲಿಲ್ಲ. ದೊಡ್ಡಪ್ಪನೇ ಮಂಚದಿಂದ ಕೂಗಿದ: "ಅಫೀಮಾದ್ರೂ ಹಾಕಲಿ, ಗಾಂಜಾ ಆದ್ರೂ ಹಾಕಲಿ, ಈ ನೋವು ನಿಲ್ಲಿಸಲಿ!" ವಾದ ಅಲ್ಲಿಗೆ ಮುಗಿಯಿತು.

ಸಂಜೆ ನಾಲ್ಕೂವರೆಗೆ ಸೂಜಿ ಹಾಕಿದರಂತೆ. ಆರಕ್ಕೆ ಹೊರಗೆ ತಂದರು. ಕಾಲಿನ ಜೋಮು ಇಳಿಯುತ್ತಿದ್ದರೂ ನೋವಿಲ್ಲ. ಬೆಳಗ್ಗೆ ತನಕ ಚೀರುತ್ತಿದ್ದ ಮನುಷ್ಯ ಕೇಳಿದ ಮೊದಲ ಮಾತು, "ಗೇಟು ಕೂಡಿಸಿದ್ರೇನಲೇ?" ಮೊಬೈಲಿನಲ್ಲಿ ಸುದ್ದಿ ತೋರಿಸಿದೆವು. ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್ ಎಂಬ ಉಕ್ಕಿನ ಹಲಗೆಗಳನ್ನು ಇಳಿಸುವ ಕೆಲಸ ನಡೆದಿತ್ತು. ಹರಿಯುವ ನೀರಿಗೆ ಹಲಗೆ ಇಳಿಸುವುದು ಎಷ್ಟು ಕಷ್ಟ ಎಂದು ನಮಗೇ ಪಾಠ ಮಾಡಿದ.

ಎಂಟು ಗಂಟೆಗೆ ಕೆರೆತ ಶುರುವಾಯಿತು. ಮೊದಲು ಮೂಗಿನ ತುದಿ, ಆಮೇಲೆ ಕೆನ್ನೆ, ಹಣೆ. ನೋಡಲು ಬಂದ ನೆಂಟರು ಒಬ್ಬೊಬ್ಬರು ಒಂದೊಂದು ಹೇಳಿದರು. ಮೈಗೆ ಆಗಿಬಂದಿಲ್ಲ, ಅಲರ್ಜಿ ಎಂದರು ಕೆಲವರು. ಆಪರೇಷನ್ ಆದವರ ಹತ್ತಿರ ಇಷ್ಟು ಮಂದಿ ಬಂದರೆ ದೃಷ್ಟಿ ತಾಗದೆ ಇರುತ್ತದೆಯೇ ಎಂದಳೊಬ್ಬಳು, ತಾನೂ ಅಲ್ಲೇ ನಿಂತುಕೊಂಡು. ಅಲರ್ಜಿ ಇಂಜೆಕ್ಷನ್ ಹಾಕಿಸಿರಿ ಎಂದು ಗಲಾಟೆ ಎದ್ದಾಗ ಡಾಕ್ಟರು ರೌಂಡಿಗೆ ಬಂದರು. ದೊಡ್ಡಪ್ಪನೇ ಕೇಳಿದ:

"ಸೊಂಟಕ್ಕೆ ಹಾಕಿದ್ದು ಮೂಗಿಗೆ ಹೆಂಗೆ ಬಂತು ಸಾಹೇಬ್ರೆ?"

"ನೀವು ಕಾಲುವೆ ಕಾದೋರಲ್ಲೇನು? ಬೆನ್ನಾಗೂ ಒಂದು ಕಾಲುವೆ ಐತೆ ಅಂದ್ಕೊಳ್ರಿ. ಮೆದುಳಿನ ಸುತ್ತ, ಬೆನ್ನುಹುರಿ ಸುತ್ತ ಎಲ್ಲಾ ಒಂದೇ ನೀರು. ಒಟ್ಟು ನೂರೈವತ್ತು ಎಂ.ಎಲ್., ಒಂದು ಲೋಟ. ಆದ್ರೆ ನಮ್ಮ ಎಲ್‌ಎಲ್‌ಸಿ ಕಾಲುವೆ ಥರ ಒಂದೇ ದಿಕ್ಕಿಗೆ ಹರಿಯಂಗಿಲ್ಲ. ಗುಂಡಿಗೆ ಬಡಿದಂಗೆಲ್ಲ, ಉಸಿರು ಎಳೆದಂಗೆಲ್ಲ ಒಂಚೂರು ಮ್ಯಾಲೆ, ಒಂಚೂರು ಕೆಳಗೆ ತೂಗಾಡ್ತೈತೆ. ಹಂಗೆ ತೂಗಾಡ್ಕೋತ ತೂಗಾಡ್ಕೋತ ಔಷಧಿ ಹರಡ್ತೈತೆ."

ದೊಡ್ಡಪ್ಪ ನೀರುಗಂಟಿಯ ಪ್ರಶ್ನೆಯನ್ನೇ ಕೇಳಿದ. "ಹಂಗಾದ್ರೆ ಟೇಲೆಂಡಿಗೆ ಮುಟ್ಟಾಕೆ ಎಷ್ಟೊತ್ತು?"

ಡಾಕ್ಟರು ನಕ್ಕರು. "ಈ ಕಾಲುವೆ ಟೇಲೆಂಡು ನಿಮ್ಮ ತಲ್ಯಾಗೈತೆ ಯಜಮಾನ್ರೆ. ಆರು ತಾಸಿಂದ ಹನ್ನೆರಡು ತಾಸು." ಎಂದವರು ನಗು ನಿಲ್ಲಿಸಿ ಸಿಸ್ಟರ್ ಕಡೆ ತಿರುಗಿದರು. "ರಾತ್ರಿ ಪೂರಾ ತಾಸಿಗೊಮ್ಮೆ ಉಸಿರು ಎಣಿಸ್ರಿ. ಮಿಷನ್ ನೋಡಿ ಬರೀಬ್ಯಾಡ್ರಿ."

ಅಲರ್ಜಿ ಇಂಜೆಕ್ಷನ್ ಬೇಡವೆಂದರು. ಇದು ಅಲರ್ಜಿಯ ಕೆರೆತವಲ್ಲ, ಮಾರ್ಫಿನ್ ನರದ ಮೇಲೆಯೇ ಕೆಲಸ ಮಾಡಿ ತರುವ ಕೆರೆತ. ಆ ಇಂಜೆಕ್ಷನ್ನಿಗೆ ಕೆರೆತ ಅಷ್ಟಾಗಿ ಜಗ್ಗುವುದಿಲ್ಲ, ನಿದ್ದೆ ಮಾತ್ರ ಹೆಚ್ಚಾಗುತ್ತದೆ, ಈ ರಾತ್ರಿ ಅದೇ ಬೇಡ ಎಂದರು. ವಾಂತಿಗೆ ಕೊಡುವ ಒಂದು ಇಂಜೆಕ್ಷನ್ ಕೆಲವರಿಗೆ ಕೆರೆತವನ್ನೂ ತಗ್ಗಿಸುತ್ತದೆಂದು ಅದನ್ನು ಹಾಕಿಸಿ ಹೋದರು.

ಪಕ್ಕದಲ್ಲಿ ನಿಂತಿದ್ದ ದೊಡ್ಡಪ್ಪನ ಸೊಸೆಗೆ ಒಂದು ಅನುಮಾನ. ಅವಳ ಸಿಸೇರಿಯನ್ನಿನಲ್ಲೂ ಬೆನ್ನಿಗೆ ಸೂಜಿ ಹಾಕಿ ನೋವಿನ ಔಷಧಿ ಬೆರೆಸಿದ್ದರು. ಅವಳಿಗೆ ಹೀಗೆ ಮೂಗು ಕೆರೆಯಲಿಲ್ಲ, ಆದರೆ ಸಂಜೆಗೆಲ್ಲ ನೋವು ತಡೆಯಲಾರದೆ ಅತ್ತಿದ್ದಳು. ಆ ಡಿಸ್ಚಾರ್ಜ್ ಕಾಗದವನ್ನು ನಾನು ಆಮೇಲೆ ನೋಡಿದೆ, ಅದರಲ್ಲಿದ್ದದ್ದು ಫೆಂಟನಿಲ್. ಎರಡೂ ಒಂದೇ ಕುಲದ ಔಷಧಿ, ಹಿಡಿಯುವ ದಾರಿ ಬೇರೆ. ಪ್ರಯೋಗಾಲಯದಲ್ಲಿ ಆಕ್ಟನಾಲ್ ಎಂಬ ಜಿಡ್ಡಿನ ದ್ರವವನ್ನೂ ನೀರನ್ನೂ ಒಟ್ಟಿಗೆ ಇಟ್ಟು ಔಷಧಿ ಯಾವುದರಲ್ಲಿ ಎಷ್ಟು ಸೇರಿಕೊಳ್ಳುತ್ತದೆ ಎಂದು ಅಳೆಯುತ್ತಾರೆ. ನೀರಿನಲ್ಲಿ ಒಂದು ಪಾಲು ಉಳಿದರೆ ಜಿಡ್ಡಿಗೆ ಮಾರ್ಫಿನ್ ಹೋಗುವುದು ಸುಮಾರು 1.4 ಪಾಲು, ಫೆಂಟನಿಲ್ 800 ಪಾಲಿಗೂ ಮೇಲೆ. ಬೆನ್ನುಹುರಿಯ ಒಳಗೆ ಜಿಡ್ಡು, ಅದರ ಪೊರೆಯಾಚೆ ಕೊಬ್ಬು, ಆ ಕೊಬ್ಬಿನ ನಡುವೆ ರಕ್ತನಾಳಗಳು. ಫೆಂಟನಿಲ್ ನೀರಿನಲ್ಲಿ ನಿಲ್ಲುವುದೇ ಇಲ್ಲ. ಹಾಕಿದ ಐದು ಹತ್ತು ನಿಮಿಷದಲ್ಲೇ ಹತ್ತಿರದ ಹುರಿಗೆ ಇಳಿದು ನೋವು ತಡೆಯುತ್ತದೆ, ಹಾಗೆಯೇ ಕೊಬ್ಬಿಗೂ ರಕ್ತಕ್ಕೂ ಸೋರಿ ಎರಡು ನಾಲ್ಕು ತಾಸಿನಲ್ಲಿ ಜಾಗ ಖಾಲಿ ಮಾಡುತ್ತದೆ. ರಕ್ತಕ್ಕೆ ಸೇರಿದ ಮೇಲೆ ಅದು ಕೈಗೆ ಹಾಕಿದ ಇಂಜೆಕ್ಷನ್ನಿನ ಹಾಗೆಯೇ. ಮಾರ್ಫಿನ್ ಹುರಿಯೊಳಗೆ ಇಳಿಯಲು ಅರ್ಧ ತಾಸು, ಒಂದು ತಾಸು ತೆಗೆದುಕೊಳ್ಳುತ್ತದೆ. ಹೊರಕ್ಕೆ ಸೋರುವುದೂ ನಿಧಾನ. ಬಹುಪಾಲು ನೀರಿನಲ್ಲೇ ಉಳಿದು ಮೇಲಕ್ಕೆ ಹರಡುತ್ತದೆ. ಹದಿನೆಂಟು ಇಪ್ಪತ್ನಾಲ್ಕು ತಾಸು ನೋವು ತಡೆಯುವುದು ಈ ಗುಣಕ್ಕೇ, ಮೂಗು ಕೆರೆಯುವುದೂ ಈ ಗುಣಕ್ಕೇ, ಆ ರಾತ್ರಿ ನಾವು ಕಂಡ ಇನ್ನೊಂದೂ ಈ ಗುಣಕ್ಕೇ.

ಹತ್ತು ಗಂಟೆಗೆ ನೆಂಟರೆಲ್ಲ ಹೋದರು. ನೋವಿಲ್ಲ, ಜ್ವರವಿಲ್ಲ, ಬೀಪಿ ಸರಿ ಇದೆ. ಎಲ್ಲರೂ ನಿರಾಳ. ದೊಡ್ಡಪ್ಪನ ಮಗ ಬಿಸಿ ಹಾಲು ತಂದು ಕುಡಿಸಿದ. ಹಾಲಿನ ಜೊತೆ ಅಪ್ಪ ದಿನಾ ರಾತ್ರಿ ನುಂಗುವ ನಿದ್ದೆಗುಳಿಗೆಯನ್ನೂ ಕೊಟ್ಟ. ಗೇಟು ಹೋದಾಗಿನಿಂದ ನಿದ್ದೆ ಇಲ್ಲದ ಮುದುಕ, ಇವತ್ತಾದರೂ ಮಲಗಲಿ ಎಂಬ ಪ್ರೀತಿ. ಯಾರನ್ನೂ ಕೇಳಲಿಲ್ಲ.

ಸಿಸ್ಟರ್ ತಾಸಿಗೊಮ್ಮೆ ಬರುತ್ತಿದ್ದಳು. ಇಪ್ಪತ್ತೈದು ದಾಟದ ಹುಡುಗಿ. ಅವಳು ಎಣಿಸುವ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ರೋಗಿಯನ್ನು ಎಬ್ಬಿಸುತ್ತಿರಲಿಲ್ಲ. ಹೊದಿಕೆ ತುಸು ಸರಿಸಿ, ಹೊಟ್ಟೆಯ ಮೇಲೆ ಅಂಗೈ ಊರಿಯೂ ಊರದ ಹಾಗೆ ಇಟ್ಟು, ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳು ಪೂರ್ತಿ ಒಂದು ಸುತ್ತು ಬರುವ ತನಕ ನಿಲ್ಲುತ್ತಿದ್ದಳು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವ ಕಳ್ಳಲೆಕ್ಕ ಇಲ್ಲ. ಹತ್ತು ಗಂಟೆಗೆ ಹದಿನಾರು. ಹನ್ನೊಂದಕ್ಕೆ ಹದಿನಾಲ್ಕು. ಹನ್ನೆರಡಕ್ಕೆ ಹನ್ನೊಂದು. ಒಂದು ಗಂಟೆಗೆ ಎಣಿಸಿ ಮುಗಿಸಿದವಳು ಬರೆಯಲಿಲ್ಲ, ಮತ್ತೊಮ್ಮೆ ಎಣಿಸಿದಳು. ಎಂಟು.

ಬೆರಳಿಗೆ ಸಿಗಿಸಿದ, ಆಮ್ಲಜನಕ ಅಳೆಯುವ ಮಿಷನ್ನು 97 ತೋರಿಸುತ್ತಿತ್ತು. ನಾನು ಅದನ್ನೇ ತೋರಿಸಿ, "ನಂಬರ್ ಚೆನ್ನಾಗೈತಲ್ಲಮ್ಮ" ಎಂದೆ. "ಮೂಗಿಗೆ ಆಕ್ಸಿಜನ್ ಐತಲ್ಲ ಸಾರ್, ಅದಕ್ಕೆ ಚೆನ್ನಾಗೈತೆ. ಉಸಿರು ನಿಲ್ಲೋ ತನಕ ಅದು ಚೆನ್ನಾಗೇ ಇರ್ತೈತೆ" ಎಂದು ಫೋನು ಎತ್ತಿಕೊಂಡಳು. ಹೊರಗಿನಿಂದ ಆಮ್ಲಜನಕ ಕೊಡುತ್ತಿದ್ದರೆ ಉಸಿರು ಅರ್ಧಕ್ಕಿಳಿದರೂ ರಕ್ತದಲ್ಲಿ ಅದು ಬಹಳ ಹೊತ್ತು ಕಡಿಮೆಯಾಗುವುದಿಲ್ಲ. ಕೂಡಿಕೊಳ್ಳುವುದು ಇಂಗಾಲದ ಡೈಆಕ್ಸೈಡ್. ಬೆರಳಿನ ಮಿಷನ್ನಿಗೆ ಅದು ಕಾಣುವುದೇ ಇಲ್ಲ. ಸರಿಯಾಗಿದ್ದ ದೇಹ ಡೈಆಕ್ಸೈಡ್ ಏರಿದ ಕೂಡಲೇ ಜೋರಾಗಿ ಉಸಿರೆಳೆಯುತ್ತದೆ. ಹಾಗೆ ಎಳೆಯಿಸುವ ಕೇಂದ್ರ ಮೆದುಳಿನ ಬುಡದಲ್ಲಿದೆ, ಅದೇ ನೀರಿನ ದಂಡೆಯ ಮೇಲೆ. ಸೊಂಟದಿಂದ ಹೊರಟ ಮಾರ್ಫಿನ್ ಎಂಟೂವರೆ ತಾಸಿಗೆ ಅಲ್ಲಿ ಮುಟ್ಟಿತ್ತು. ಅದರ ಜೊತೆಗೆ ಹೊಟ್ಟೆಯ ದಾರಿಯಿಂದ ನಿದ್ದೆಗುಳಿಗೆಯೂ ಬಂದು ಸೇರಿತ್ತು.

ಸಿಸ್ಟರ್ ಭುಜ ಹಿಡಿದು ಅಲುಗಾಡಿಸಿದಳು. "ತಾತಾ, ಕಣ್ಣು ಬಿಡು ತಾತಾ. ಉಸಿರೆಳಿ." ಕಣ್ಣು ಅರ್ಧ ತೆರೆದು ಒಂದು ಉಸಿರು ಎಳೆದ, ಮತ್ತೆ ಮುಚ್ಚಿದ. ಮತ್ತೆ ಅಲುಗಾಡಿಸಿದಳು. ಇನ್ನೊಂದು ಉಸಿರು. ಡಾಕ್ಟರು ಬರುವ ತನಕ ಅವಳು ಕೈ ಬಿಡಲಿಲ್ಲ, ಮಾತೂ ನಿಲ್ಲಿಸಲಿಲ್ಲ. ದೊಡ್ಡವ್ವ ಕಾಲ ಬಳಿ ಕೂತು ದೇವರನ್ನೆಲ್ಲ ಕರೆಯುತ್ತಿದ್ದಳು.

ಡಾಕ್ಟರು ಬಂದು ಕಣ್ಣಿಗೆ ಟಾರ್ಚ್ ಬಿಟ್ಟರು. ಪಾಪೆ ಸಾಸಿವೆಯಷ್ಟಾಗಿತ್ತು. ಮಾರ್ಫಿನ್ನಿನ ಎದುರು ಮದ್ದಾದ ನಲಾಕ್ಸೋನಿನ 400 ಮೈಕ್ರೋಗ್ರಾಂ ಆಂಪೂಲ್ ಒಡೆದು, ಸಲೈನ್ ಸೇರಿಸಿ ಹತ್ತು ಎಂ.ಎಲ್. ಮಾಡಿ, ಒಂದು ಎಂ.ಎಲ್. ಹಾಕಿದರು. ಕಾದರು. ಇನ್ನೊಂದು ಹಾಕಿದರು. ಒಮ್ಮೆಗೇ ಪೂರ್ತಿ ಹಾಕಿದರೆ ಉಸಿರಿನ ಜೊತೆಗೆ ನೋವೂ ತಿರುಗಿ ಬಂದು ಮುದುಕರ ಗುಂಡಿಗೆಗೆ ಕುತ್ತಾಗುತ್ತದಂತೆ. ಮೂರನೆಯದಕ್ಕೆ ದೊಡ್ಡಪ್ಪ ದೊಡ್ಡದಾಗಿ ಉಸಿರೆಳೆದು, ಕಣ್ಣು ಪೂರ್ತಿ ಬಿಟ್ಟು, ಡಾಕ್ಟರನ್ನೇ ನೋಡುತ್ತ ಕೇಳಿದ:

"ಗೇಟು ಕೂಡಿಸಿದ್ರಾ?"

ಎಲ್ಲರೂ ನಕ್ಕೆವು. ಓಣಿಯವರಿಗೆ ಗೊತ್ತಿರುವುದು ಈ ನಗು ಮಾತ್ರ. ಡಾಕ್ಟರು ನಗಲಿಲ್ಲ. ನಲಾಕ್ಸೋನ್ ಒಂದು ತಾಸು, ಬಹಳವೆಂದರೆ ಒಂದೂವರೆ ತಾಸು ಕೆಲಸ ಮಾಡುತ್ತದೆ, ಬೆನ್ನಿನ ನೀರಿನ ಮಾರ್ಫಿನ್ ಇನ್ನೂ ಅರ್ಧ ದಿನ ಇರುತ್ತದೆ ಎಂದರು. ಅಷ್ಟರಲ್ಲಿ ಸಿಸ್ಟರ್ ದಿಂಬಿನ ಪಕ್ಕದ ಗುಳಿಗೆ ಚೀಟಿ ಎತ್ತಿ ತೋರಿಸಿದಳು. "ಇದ್ಯಾರು ಕೊಟ್ರು?" ಮಗ ತಲೆ ತಗ್ಗಿಸಿದ. ಡಾಕ್ಟರು ಜೋರು ಮಾಡಲಿಲ್ಲ. "ಮಾರ್ಫಿನ್ನಿಗೆ ನನ್ನ ಹತ್ರ ಎದುರು ಮದ್ದೈತೆ. ಈ ಗುಳಿಗಿಗೆ ಈ ಮದ್ದು ನಡೆಯಂಗಿಲ್ಲ. ತಾನೇ ಇಳೀಬೇಕು, ಕಾಯಬೇಕು" ಎಂದು ಕುರ್ಚಿ ಎಳೆದುಕೊಂಡು ಅಲ್ಲೇ ಕೂತರು. ನಾಲ್ಕು ಗಂಟೆಗೆ ಹನ್ನೆರಡು, ಬೆಳಗಾಗುವಾಗ ಹದಿನೈದು. ಕೆರೆತವೂ ನಲಾಕ್ಸೋನಿನ ಜೊತೆಗೇ ತಗ್ಗಿತ್ತು.

ಕಾಯುತ್ತ ಕೂತಾಗ ಡಾಕ್ಟರು ಹೇಳಿದ್ದು, ಆಮೇಲೆ ನಾನು ಓದಿಕೊಂಡದ್ದು ಎರಡೂ ಈಗ ತಲೆಯಲ್ಲಿ ಕಲಸಿಹೋಗಿವೆ. ಬೆನ್ನಿನ ನೀರಿಗೆ ಜೋಮಿನ ಔಷಧಿ ಹಾಕಿ ಮೊದಲು ಆಪರೇಷನ್ ಮಾಡಿದ್ದು 1898ರಲ್ಲಿ, ಜರ್ಮನಿಯ ಕೀಲ್ ಊರಿನಲ್ಲಿ, ಆಗಸ್ಟ್ ಬಿಯರ್ ಎಂಬ ಸರ್ಜನ್. ಆಗ ಬಳಸಿದ್ದು ಕೊಕೇನ್. ಆತ ತನ್ನ ಸಹಾಯಕನ ಬೆನ್ನಿಗೂ ಚುಚ್ಚಿ, ಜೋಮು ಹಿಡಿದಿದೆಯೇ ಎಂದು ನೋಡಲು ಮೊಣಕಾಲ ಕೆಳಗಿನ ಎಲುಬಿಗೆ ಸುತ್ತಿಗೆಯಿಂದ ಹೊಡೆದ. ಸಹಾಯಕ ಮಿಸುಕಲಿಲ್ಲ. ಬಿಯರ್ ತನ್ನ ಬೆನ್ನಿಗೂ ಚುಚ್ಚಿಸಿಕೊಂಡು ದಿನಗಟ್ಟಲೆ ತಲೆನೋವಿನಿಂದ ಒದ್ದಾಡಿದ. ನೋವಿನ ಔಷಧಿಯ ಕಥೆ ಬಹಳ ತಡ. ಅಫೀಮಿನ ಕುಲದ ಔಷಧಿಗಳು ನರಮಂಡಲದಲ್ಲಿ ಹಿಡಿದುಕೊಳ್ಳುವ ಗ್ರಾಹಕಗಳನ್ನು ಅಮೆರಿಕದಲ್ಲಿ ಪರ್ಟ್ ಮತ್ತು ಸ್ನೈಡರ್ ತೋರಿಸಿದ್ದು 1973ರಲ್ಲಿ. ಯಾಕ್ಷ್ ಮತ್ತು ರೂಡಿ ಎಂಬುವರು 1976ರಲ್ಲಿ ಇಲಿಗಳ ಬೆನ್ನುಹುರಿಗೆ ನೇರವಾಗಿ ಮಾರ್ಫಿನ್ ಮುಟ್ಟಿಸಿ ನೋವು ಅಲ್ಲೇ ನಿಲ್ಲುತ್ತದೆಂದು ಕಂಡುಕೊಂಡರು. 1979ರಲ್ಲಿ ಮೇಯೊ ಕ್ಲಿನಿಕ್ಕಿನ ವಾಂಗ್ ಮತ್ತು ಜೊತೆಗಾರರು ಕ್ಯಾನ್ಸರಿನ ನೋವಿನಲ್ಲಿದ್ದವರ ಬೆನ್ನಿಗೆ ಅದನ್ನು ಹಾಕಿದರು. ಮಾರ್ಫಿನ್ ಹಾಕಿದ ಜಾಗದಲ್ಲೇ ನಿಲ್ಲುತ್ತದೆಂಬ ಉತ್ಸಾಹ ಆಗಿನದು. ಅದೇ ವರ್ಷ, ತಾಸುಗಟ್ಟಲೆ ತಡವಾಗಿ ಉಸಿರು ಇಳಿದ ರೋಗಿಗಳ ವರದಿಗಳೂ ಬಂದವು. ಆಗ ಮಿಲಿಗ್ರಾಂ ಲೆಕ್ಕದಲ್ಲಿ ಹಾಕುತ್ತಿದ್ದರು. ಮೈಕ್ರೋಗ್ರಾಮಿಗೆ ಇಳಿಸಿದ್ದು ಈ ಪಾಠ ಕಲಿತ ಮೇಲೆ.

ಹಾಗೆ ಇಳಿಸಿದ ಮೇಲೆ ಇಂಥ ರಾತ್ರಿ ಅಪರೂಪ. ಗುಳಿಗೆ ಇಲ್ಲದಿದ್ದರೆ ಬಹುಶಃ ದೊಡ್ಡಪ್ಪ ಮೂಗು ಕೆರೆದುಕೊಂಡೇ ಬೆಳಗು ಮಾಡುತ್ತಿದ್ದ ಎಂದು ಡಾಕ್ಟರೇ ಹೇಳಿದರು. ನನ್ನ ಅಭಿಪ್ರಾಯ ಕೇಳಿದರೆ, ಮಾರ್ಫಿನ್ ಹಾಕಿದ್ದು ಸರಿಯೇ. ಎಪ್ಪತ್ತು ದಾಟಿದವರು ಮುರಿದ ಸೊಂಟದ ನೋವಿಗೆ ಹೆದರಿ ಮಗ್ಗುಲಾಗದೆ, ಕೆಮ್ಮದೆ ಮಲಗಿದರೆ ಕಫ ಕಟ್ಟಿ, ಬೆನ್ನು ಹುಣ್ಣಾಗಿ ಸಾಯುವುದನ್ನು ನಮ್ಮೂರಲ್ಲೇ ಕಂಡಿದ್ದೇವೆ. ದೊಡ್ಡಪ್ಪ ಮರುದಿನವೇ ವಾಕರ್ ಹಿಡಿದು ನಿಂತ. ಅದು ಆ ಹತ್ತು ಸಾವಿರದಲ್ಲೊಂದು ಪಾಲಿನ ಕೆಲಸ. ಆದರೆ ಅದನ್ನು ಹಾಕುವ ಆಸ್ಪತ್ರೆಯಲ್ಲಿ ರಾತ್ರಿ ನಿದ್ದೆ ಮಾಡದ ಒಬ್ಬರು ಇರಲೇಬೇಕು. ಒಂದೇ ಸಲ ಮಾರ್ಫಿನ್ ಹಾಕಿದರೂ ಇಪ್ಪತ್ನಾಲ್ಕು ತಾಸು ಕಾಯಬೇಕು, ಮೊದಲ ಹನ್ನೆರಡು ತಾಸು ತಾಸಿಗೊಮ್ಮೆ, ಆಮೇಲೆ ಎರಡು ತಾಸಿಗೊಮ್ಮೆ ನೋಡಬೇಕು ಎಂದು ಅಮೆರಿಕದ ಅರಿವಳಿಕೆ ವೈದ್ಯರ ಸಂಘದ ಮಾರ್ಗಸೂಚಿ ಹೇಳುತ್ತದೆ. ಫೆಂಟನಿಲ್ಲಿಗೆ ಎರಡು ತಾಸಾದರೂ ಕಾಯಬೇಕು.

ಆದ್ದರಿಂದ ನಿಮ್ಮ ಮನೆಯವರಿಗೆ ಬೆನ್ನಿಗೆ ಸೂಜಿ ಹಾಕುವಾಗ ಬೇಡವೆಂದು ಜಗಳ ತೆಗೆಯಬೇಡಿ. ಅದರೊಳಗೆ ನೋವಿನ ಔಷಧಿ ಯಾವುದು, ಎಷ್ಟು ಹೊತ್ತಿನ ತನಕ ಕಾಯಬೇಕು ಎಂದು ಕೇಳಿ. ಅವರು ನುಂಗುವ ಗುಳಿಗೆಗಳನ್ನೆಲ್ಲ, ನಿದ್ದೆಯದನ್ನೂ ಸೇರಿಸಿ, ಒಂದೂ ಬಚ್ಚಿಡದೆ ಹೇಳಿ. ಆ ರಾತ್ರಿ ಡಾಕ್ಟರನ್ನು ಕೇಳದೆ ಏನನ್ನೂ ಕೊಡಬೇಡಿ. ರೋಗಿ ನಿದ್ದೆಯಲ್ಲಿದ್ದಾಗ ಗಡಿಯಾರ ನೋಡುತ್ತ ಒಂದು ಪೂರ್ತಿ ನಿಮಿಷ ಉಸಿರು ಎಣಿಸಿ. ಹತ್ತಕ್ಕಿಂತ ಕಡಿಮೆ ಬಂದರೆ, ಇಲ್ಲವೇ ಕರೆದರೆ ಕಣ್ಣು ಬಿಡದಿದ್ದರೆ, ಬೆರಳಿನ ಮಿಷನ್ನು ಏನೇ ತೋರಿಸಲಿ, ಸಿಸ್ಟರನ್ನು ಎಬ್ಬಿಸಿ ಕರೆತನ್ನಿ. ಬೈದರೆ ಬೈಸಿಕೊಳ್ಳಿ.